ಒಂದೇ ಪೆಟ್ಟಿಗೆಯಲ್ಲಿ ಸರ್ವರೂ ಡೆಸ್ಕ್‌ಟಾಪೂ: ಪ್ರಾಕ್ಸ್‌ಮಾಕ್ಸ್ ಯಂತ್ರವನ್ನು ಮಲೆನಾಡಿನ ಮನೆಯ ದಿನಬಳಕೆಗೆ ಅಣಿಗೊಳಿಸುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅನೇಕ ಮನೆಗಳಲ್ಲಿ ಈಗ ಒಂದೇ ಕಂಪ್ಯೂಟರಿನಿಂದ ಹಲವು ಬಗೆಯ ಕೆಲಸ ನಡೆಯಬೇಕಾಗಿದೆ. ಮಗನೋ ಮಗಳೋ ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನಿಂದಲೇ ಮಾಡುತ್ತಾರೆ, ಅಡಿಕೆ ವ್ಯಾಪಾರದ ಲೆಕ್ಕ ಟ್ಯಾಲಿಯಲ್ಲಿರುತ್ತದೆ, ಗುತ್ತಿಗೆ ಕೆಲಸ ಹಿಡಿದವರಿಗೆ ಇ-ಟೆಂಡರ್ ಹಾಕಲು ಡಿಜಿಟಲ್ ಸಹಿಯ ಟೋಕನ್ ಬೇಕಾಗುತ್ತದೆ, ಸಂಘದ ವಾರ್ಷಿಕ ವರದಿಯೋ ಮದುವೆಯ ಕರೆಯೋಲೆಯೋ ಪೇಜ್‌ಮೇಕರಿನ ಹಳೆಯ ಕಡತದಲ್ಲಿ ಉಳಿದಿರುತ್ತದೆ. ಇವೆಲ್ಲವನ್ನೂ ಒಂದೇ ವಿಂಡೋಸಿನಲ್ಲಿ ತುರುಕಿದಾಗ ಒಂದು ಕೆಟ್ಟರೆ ಉಳಿದವೂ ಅದರ ಜೊತೆಗೆ ಕೆಡುತ್ತವೆ. ಪ್ರತಿಯೊಂದಕ್ಕೂ ಒಂದೊಂದು ವರ್ಚುವಲ್ ಮಷಿನ್, ಅಂದರೆ ವಿಎಂ, ಮಾಡಿಕೊಟ್ಟು ಅವನ್ನೆಲ್ಲ ಒಂದು ವರ್ಚುವಲೈಸೇಶನ್ ಸರ್ವರಿನ ಮೇಲೆ ಓಡಿಸುವುದು ಇದಕ್ಕೆ ಪರಿಹಾರ. ಆದರೆ ಇಂಥ ಸರ್ವರನ್ನು ಸಾಮಾನ್ಯವಾಗಿ ಮೂಲೆಯಲ್ಲಿಟ್ಟು ಬೇರೊಂದು ಲ್ಯಾಪ್‌ಟಾಪಿನಿಂದ ಬಳಸುತ್ತಾರೆ. ಮನೆಯಲ್ಲಿರುವುದು ಒಂದೇ ಯಂತ್ರವಾಗಿ, ಪರದೆ, ಕೀಲಿಮಣೆ, ಮೌಸ್‌ಗಳನ್ನು ಅದಕ್ಕೇ ಜೋಡಿಸಿ ಕೂರಬೇಕಾದವರಿಗಾಗಿ ಈ ಲೇಖನ.

ಇಲ್ಲಿ ಆರಿಸಿಕೊಂಡಿರುವುದು ಪ್ರಾಕ್ಸ್‌ಮಾಕ್ಸ್ ವಿಇ ಎಂಬ ವ್ಯವಸ್ಥೆಯನ್ನು. ವಿಯೆನ್ನಾದ ಸಂಸ್ಥೆಯೊಂದು 2008ರಿಂದ ಹೊರತರುತ್ತಿರುವ ಈ ಮುಕ್ತ ತಂತ್ರಾಂಶದ ಒಳಗೆ ಇರುವುದು ಡೆಬಿಯನ್ ಲಿನಕ್ಸ್ ಮತ್ತು 2007ರಲ್ಲಿ ಲಿನಕ್ಸ್ ಕರ್ನಲ್‌ಗೆ ಸೇರಿದ, ವಿಎಂಗಳನ್ನು ಓಡಿಸುವ ಕೆವಿಎಂ. ಆಗಸ್ಟ್ 2025ರಲ್ಲಿ ಬಂದ 9ನೆಯ ಆವೃತ್ತಿ ಡೆಬಿಯನ್ 13ರ ಮೇಲೆ ನಿಂತಿದೆ. ಒಳಗಿರುವುದು ಡೆಬಿಯನ್ ಆದ್ದರಿಂದಲೇ ಅದರ ಮೇಲೆ ಡೆಸ್ಕ್‌ಟಾಪ್ ಹಾಕಿಕೊಳ್ಳಲು ಸಾಧ್ಯ.

ಎರಡು ದಾರಿಗಳು

ಹೋಸ್ಟ್, ಅಂದರೆ ವಿಎಂಗಳನ್ನು ಹೊತ್ತಿರುವ ಮೂಲ ಯಂತ್ರದ ಮೇಲೆಯೇ ಹಗುರವಾದ ಡೆಸ್ಕ್‌ಟಾಪ್ ಒಂದನ್ನು ಸ್ಥಾಪಿಸಿ, ಅದರಲ್ಲಿ ಕಿಟಕಿ ತೆರೆದು ವಿಎಂಗಳನ್ನು ಬಳಸುವುದು ಮೊದಲನೆಯ ದಾರಿ. ಗ್ರಾಫಿಕ್ಸ್ ಕಾರ್ಡನ್ನೂ ಯುಎಸ್‌ಬಿ ಸಾಧನಗಳನ್ನೂ ನೇರವಾಗಿ ಒಂದು ವಿಎಂಗೆ ಒಪ್ಪಿಸಿಬಿಡುವುದು ಎರಡನೆಯದು. ಆಗ ಪರದೆಯ ಮೇಲೆ ಕಾಣುವುದು ಆ ವಿಎಂ ಮಾತ್ರ. ಎರಡನೆಯದರಲ್ಲಿ ವೇಗ ಹೆಚ್ಚು, ತಲೆನೋವೂ ಹೆಚ್ಚು. ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಬಹುಪಾಲಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೇ ಇರುವುದಿಲ್ಲವಾದ್ದರಿಂದ ಹೆಚ್ಚಿನ ಮನೆಗಳಿಗೆ ಮೊದಲನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೊಂದು ನಿಯಮವಿದೆ. ಹೋಸ್ಟಿನ ಡೆಸ್ಕ್‌ಟಾಪನ್ನು ನಮ್ಮ ಮನೆಗಳ ಜಗಲಿಯಂತೆ ಬಳಸಬೇಕು. ಬಂದವರು ಅಲ್ಲಿ ಕೂರುತ್ತಾರೆ, ಮಾತನಾಡುತ್ತಾರೆ, ಅಡುಗೆ ಮಾತ್ರ ಒಳಗೆ. ಕಡತ, ಲೆಕ್ಕ, ಇಮೇಲ್, ಕಚೇರಿಯ ತಂತ್ರಾಂಶ ಯಾವುದೂ ಹೋಸ್ಟಿನ ಮೇಲೆ ಇರಬಾರದು. ಹೋಸ್ಟ್ ಕೆಟ್ಟರೆ ಎಲ್ಲ ವಿಎಂಗಳೂ ನಿಲ್ಲುತ್ತವೆ, ಹೋಸ್ಟಿನ ಒಡೆತನ ಕೈತಪ್ಪಿದರೆ ಎಲ್ಲ ವಿಎಂಗಳ ಒಡೆತನವೂ ತಪ್ಪಿದಂತೆ.

ಯಂತ್ರ

ಇಂಟೆಲ್‌ನ 8ನೆಯ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್, 32 ಜಿಬಿ ಮೆಮೊರಿ, 500 ಜಿಬಿ ಅಥವಾ ಹೆಚ್ಚಿನ ಎಸ್‌ಎಸ್‌ಡಿ ಇದ್ದರೆ ಆರಾಮವಾಗಿ ಸಾಗುತ್ತದೆ. 16 ಜಿಬಿಯಲ್ಲೂ ನಡೆಯುತ್ತದೆ, ಆದರೆ ಏಕಕಾಲಕ್ಕೆ ಎರಡು ದೊಡ್ಡ ವಿಎಂಗಳನ್ನು ತೆರೆಯುವ ಆಸೆಯನ್ನು ಬಿಡಬೇಕಾಗುತ್ತದೆ. ಹಣ ಮಿತವಾಗಿದ್ದರೆ ಹೊಸ ಪ್ರೊಸೆಸರಿಗಿಂತ ಮೆಮೊರಿಗೆ ಖರ್ಚು ಮಾಡುವುದು ಮೇಲು. ಯಂತ್ರ ಏಳುವಾಗ ಸಿಗುವ ಬಯೋಸ್ ಎಂಬ ಮೂಲ ಹೊಂದಿಕೆಗಳ ಪುಟ ತೆರೆದು ವರ್ಚುವಲೈಸೇಶನ್ ಆಯ್ಕೆಯನ್ನು ಚಾಲೂ ಮಾಡಬೇಕು. ಕಚೇರಿ ಯಂತ್ರಗಳಲ್ಲಿ ಅದು ಎಷ್ಟೋ ಸಲ ಬಂದ್ ಆಗಿರುತ್ತದೆ.

ಇಂಟರ್ನೆಟ್ ಸಂಪರ್ಕ ತಂತಿಯದೇ ಆಗಿರಬೇಕು ಎಂಬುದನ್ನು ಮೊದಲೇ ಹೇಳಬೇಕು. ಪ್ರಾಕ್ಸ್‌ಮಾಕ್ಸ್ ತನ್ನ ವಿಎಂಗಳನ್ನು ಒಂದು ಬ್ರಿಡ್ಜ್ (ತಂತ್ರಾಂಶದಲ್ಲೇ ಇರುವ ಸ್ವಿಚ್) ಮೂಲಕ ನೆಟ್‌ವರ್ಕಿಗೆ ಸೇರಿಸುತ್ತದೆ, ಪ್ರತಿ ವಿಎಂಗೂ ತನ್ನದೇ ಆದ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ, ಇರುತ್ತದೆ. ತನ್ನ ಬಳಿ ನೋಂದಾಯಿಸಿಕೊಳ್ಳದ ಮ್ಯಾಕ್ ವಿಳಾಸದಿಂದ ಬರುವ ಸಂದೇಶಗಳನ್ನು ವೈಫೈ ರೂಟರ್ ಸ್ವೀಕರಿಸುವುದಿಲ್ಲ, ಆದ್ದರಿಂದ ವೈಫೈ ಮೇಲೆ ಈ ಬ್ರಿಡ್ಜ್ ಸಾಮಾನ್ಯವಾಗಿ ಕೆಲಸ ಮಾಡದು. ರೂಟರ್ ಜಗಲಿಯಲ್ಲಿದ್ದು ಕಂಪ್ಯೂಟರ್ ಮಹಡಿಯಲ್ಲಿದ್ದರೆ ನಡುವೆ ಒಂದು ಕೇಬಲ್ ಎಳೆಸಿಕೊಳ್ಳುವುದೇ ಎಲ್ಲಕ್ಕಿಂತ ಅಗ್ಗದ ಪರಿಹಾರ.

ಸ್ಥಾಪನೆ

ಪ್ರಾಕ್ಸ್‌ಮಾಕ್ಸ್‌ನ ಐಎಸ್‌ಒ ಕಡತವನ್ನು ಇಳಿಸಿಕೊಂಡು ಪೆನ್‌ಡ್ರೈವಿಗೆ ಬರೆಯಬೇಕು. ಇದಕ್ಕೆ ರೂಫಸ್ ತಂತ್ರಾಂಶ ಬಳಸುವವರು ಡಿಡಿ ಮೋಡ್ ಆರಿಸಿಕೊಳ್ಳಬೇಕು. ಸ್ಥಾಪನೆ ಕೇಳುವ ಪ್ರಶ್ನೆಗಳು ಕೆಲವೇ. ಕಡತ ವ್ಯವಸ್ಥೆಯಾಗಿ ಜಡ್‌ಎಫ್‌ಎಸ್ ಆರಿಸಲು ಹಲವರು ಹೇಳುತ್ತಾರೆ. ಎರಡು ಡಿಸ್ಕುಗಳಿದ್ದರೆ ಆ ಮಾತು ಸರಿ. ಒಂದೇ ಸಾಧಾರಣ ಎಸ್‌ಎಸ್‌ಡಿ ಇರುವ ಮನೆಯ ಯಂತ್ರಕ್ಕೆ ತಾನಾಗಿಯೇ ತೋರುವ ಇಎಕ್ಸ್‌ಟಿ4 ಸಾಕು. ವಿಎಂಗಳು ಎಲ್‌ವಿಎಂ-ಥಿನ್ ಎಂಬ ಪ್ರತ್ಯೇಕ ಜಾಗದಲ್ಲಿ ಕೂರುತ್ತವೆ, ಸ್ನ್ಯಾಪ್‌ಶಾಟ್ (ವಿಎಂನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ) ಸೌಲಭ್ಯವೂ ಉಳಿಯುತ್ತದೆ, ಎಸ್‌ಎಸ್‌ಡಿ ಸವೆಯುವುದೂ ಕಡಿಮೆ.

ಐಪಿ ವಿಳಾಸದ ಪುಟದಲ್ಲಿ ಮಾತ್ರ ನಿಧಾನಿಸಬೇಕು. ಪ್ರಾಕ್ಸ್‌ಮಾಕ್ಸ್ ಸ್ಥಿರ ವಿಳಾಸವನ್ನು ಬಳಸುತ್ತದೆ, ರೂಟರ್ ಬದಲಾದರೆ ತಾನಾಗಿ ಬದಲಾಗುವುದಿಲ್ಲ. ಫೈಬರ್ ಸಂಪರ್ಕ ಕೊಡುವವರು ರೂಟರ್ ಬದಲಿಸಿ ಹೋದ ದಿನ ಮನೆಯ ವಿಳಾಸಗಳ ಸಾಲೇ ಬೇರೆಯಾಗಿ, ಹೋಸ್ಟ್ ಯಾರಿಗೂ ಸಿಗದಂತಾಗಬಹುದು. ಆಗ ನೆಟ್‌ವರ್ಕ್ ಇಂಟರ್‌ಫೇಸಸ್ ಎಂಬ ಕಡತದಲ್ಲಿ ವಿಳಾಸವನ್ನೂ ಗೇಟ್‌ವೇಯನ್ನೂ ತಿದ್ದಬೇಕು, ಅದರ ಜೊತೆಗೆ ಹೆಸರು–ವಿಳಾಸಗಳ ಪಟ್ಟಿಯಾದ ಹೋಸ್ಟ್ಸ್ ಕಡತದಲ್ಲಿರುವ ಹಳೆಯ ವಿಳಾಸವನ್ನೂ ತಿದ್ದಬೇಕು. ಎರಡನೆಯದನ್ನು ಮರೆಯುವವರೇ ಹೆಚ್ಚು. ಮೂಲೆಯಲ್ಲಿಟ್ಟ ಸರ್ವರಿಗೆ ಇಂಥ ಹೊತ್ತಿನಲ್ಲಿ ಪರದೆ ಹುಡುಕಿ ತರಬೇಕು. ನಮ್ಮ ಯಂತ್ರದಲ್ಲಿ ತನ್ನನ್ನೇ ಸೂಚಿಸುವ ಲೋಕಲ್‌ಹೋಸ್ಟ್ ವಿಳಾಸದಿಂದ ನಿರ್ವಹಣಾ ಪುಟ ಆಗಲೂ ತೆರೆದುಕೊಳ್ಳುತ್ತದೆ.

ಸ್ಥಾಪನೆ ಮುಗಿದ ಮೇಲೆ ಮೊಬೈಲಿನ ಬ್ರೌಸರಿನಿಂದಲೇ ಹೋಸ್ಟಿನ ವಿಳಾಸಕ್ಕೆ 8006ನೆಯ ಪೋರ್ಟಿನಲ್ಲಿ ಹೋಗಿ, ನೋಡ್‌ನ ಅಪ್‌ಡೇಟ್ಸ್ ಅಡಿಯಲ್ಲಿರುವ ರೆಪಾಸಿಟರೀಸ್ (ತಂತ್ರಾಂಶ ಬರುವ ಭಂಡಾರಗಳ) ಪುಟದಲ್ಲಿ, ಹಣ ಕೊಟ್ಟ ಚಂದಾದಾರರಿಗೆ ಮೀಸಲಾದ ಎಂಟರ್‌ಪ್ರೈಸ್ ಸಾಲುಗಳನ್ನು ನಿಷ್ಕ್ರಿಯಗೊಳಿಸಿ, ನೋ-ಸಬ್‌ಸ್ಕ್ರಿಪ್ಷನ್ ಎಂಬುದನ್ನು ಸೇರಿಸಬೇಕು. ಬಳಿಕ ಶೆಲ್ ತೆರೆದು ಎಪಿಟಿ ಅಪ್‌ಡೇಟ್, ಎಪಿಟಿ ಫುಲ್-ಅಪ್‌ಗ್ರೇಡ್ ಆಜ್ಞೆಗಳನ್ನು ಕ್ರಮವಾಗಿ ಕೊಡಬೇಕು. ಬರಿಯ ಅಪ್‌ಗ್ರೇಡ್ ಆಜ್ಞೆಯನ್ನು ಪ್ರಾಕ್ಸ್‌ಮಾಕ್ಸ್‌ನಲ್ಲಿ ಬಳಸಬಾರದು. ಅದು ಕೆಲವು ಪ್ಯಾಕೇಜುಗಳನ್ನು (ತಂತ್ರಾಂಶದ ಕಟ್ಟುಗಳನ್ನು) ನವೀಕರಿಸದೆ ಹಳೆಯದಾಗಿಯೇ ಉಳಿಸುತ್ತದೆ.

ಹೋಸ್ಟಿಗೆ ಡೆಸ್ಕ್‌ಟಾಪ್

ಮೊದಲು ಆಡ್‌ಯೂಸರ್ ಆಜ್ಞೆಯಿಂದ ಒಬ್ಬ ಸಾಮಾನ್ಯ ಬಳಕೆದಾರನನ್ನು ಸೃಷ್ಟಿಸಬೇಕು. ಅವನಿಗೆ ಸುಡೋ (ನಿರ್ವಾಹಕನ) ಅಧಿಕಾರ ಬೇಡ. ನಂತರ ಎಪಿಟಿ ಇನ್‌ಸ್ಟಾಲ್ ಆಜ್ಞೆಯ ಮುಂದೆ ಎಕ್ಸ್‌ಎಫ್‌ಸಿಇ4, ಲೈಟ್‌ಡಿಎಂ, ಫೈರ್‌ಫಾಕ್ಸ್-ಇಎಸ್‌ಆರ್ ಮತ್ತು ವರ್ಟ್-ವ್ಯೂವರ್ ಎಂಬ ನಾಲ್ಕು ಹೆಸರುಗಳನ್ನು ಬರೆಯಬೇಕು. ಇವು ಕ್ರಮವಾಗಿ ಡೆಸ್ಕ್‌ಟಾಪ್, ಲಾಗಿನ್ ಪರದೆ, ಬ್ರೌಸರ್ ಮತ್ತು ವಿಎಂ ತೆರೆಯುವ ಕಿಟಕಿ. ಗ್ನೋಮ್ ಅಥವಾ ಕೆಡಿಇ ಎಂಬ ದೊಡ್ಡ ಡೆಸ್ಕ್‌ಟಾಪುಗಳು ಬೇಡ. ಅವು ಕೆಟ್ಟವೆಂದಲ್ಲ, ಜಗಲಿಗೆ ಅಷ್ಟು ಸಾಮಾನು ಬೇಕಿಲ್ಲವೆಂದು.

ಎಂಟರ್ ಒತ್ತಿದ ಕೂಡಲೇ ‘ಹೌದು’ ಎನ್ನದೆ, ತೆಗೆದುಹಾಕಲಾಗುವ ಪ್ಯಾಕೇಜುಗಳ ಪಟ್ಟಿ ಏನಾದರೂ ಇದೆಯೇ ಎಂದು ಓದಬೇಕು. ಅಲ್ಲಿ ಪ್ರಾಕ್ಸ್‌ಮಾಕ್ಸ್-ವಿಇ ಎಂಬ ಹೆಸರು ಕಂಡರೆ ನೀವು ಸರ್ವರನ್ನೇ ಕಿತ್ತುಹಾಕಲು ಹೊರಟಿದ್ದೀರಿ ಎಂದು ಅರ್ಥ. ತಯಾರಕರು ಇದಕ್ಕಾಗಿಯೇ ಒಂದು ತಡೆ ಇಟ್ಟಿದ್ದಾರೆ: ಈ ಮೂಲ ಪ್ಯಾಕೇಜನ್ನು ತೆಗೆಯಲು ಹೊರಟಿದ್ದೀರಿ ಎಂದು ಎಚ್ಚರಿಸಿ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆ ತಡೆಯನ್ನು ದಾಟುವ ಉಪಾಯವೂ ಅದೇ ಸಂದೇಶದಲ್ಲಿರುತ್ತದೆ. ಅದನ್ನು ಬಳಸದೆ, ರೆಪಾಸಿಟರಿ ಸರಿಯಿದೆಯೇ ಎಂದು ಹಿಂದಿರುಗಿ ನೋಡುವುದು ಸರಿಯಾದ ಕ್ರಮ.

ಡೆಸ್ಕ್‌ಟಾಪ್ ಬಂದ ಮೇಲೆ ಮಾಡಲೇಬೇಕಾದ ಒಂದು ಕೆಲಸವಿದೆ. ಡೆಸ್ಕ್‌ಟಾಪ್ ತಂತ್ರಾಂಶಗಳಿಗೆ ತಾವು ಲ್ಯಾಪ್‌ಟಾಪಿನಲ್ಲಿದ್ದೇವೆಂಬ ಭಾವನೆ ಸಹಜ. ಯಾರೂ ಮೌಸ್ ಮುಟ್ಟದಿದ್ದರೆ ಯಂತ್ರವನ್ನು ನಿದ್ರೆಗೆ ಕಳುಹಿಸಬಹುದು, ಆಗ ಒಳಗಿರುವ ವಿಎಂಗಳೆಲ್ಲ ನಿಂತುಹೋಗುತ್ತವೆ. ರಾತ್ರಿ ನಡೆಯಬೇಕಾದ ಬ್ಯಾಕಪ್ ನಡೆಯದಿರಲು ಎಷ್ಟೋ ಬಾರಿ ಕಾರಣ ಇದೇ. ಸಿಸ್ಟಂಸಿಟಿಎಲ್ ಮಾಸ್ಕ್ ಆಜ್ಞೆಯಿಂದ ಸ್ಲೀಪ್, ಸಸ್ಪೆಂಡ್, ಹೈಬರ್ನೇಟ್, ಹೈಬ್ರಿಡ್-ಸ್ಲೀಪ್ ಎಂಬ ನಾಲ್ಕೂ ಟಾರ್ಗೆಟ್‌ಗಳನ್ನು ಮುಚ್ಚಿಬಿಡಬೇಕು. ಪರದೆ ಆರಿದರೆ ತೊಂದರೆಯಿಲ್ಲ.

ಬ್ರೌಸರಿನಲ್ಲಿ ರೂಟ್ ಎಂಬ ಸರ್ವಾಧಿಕಾರದ ಹೆಸರಿನಿಂದ ದಿನವೂ ಒಳಹೋಗುವ ಅಭ್ಯಾಸ ಬೇಡ. ಡೇಟಾಸೆಂಟರ್‌ನ ಪರ್ಮಿಷನ್ಸ್ ವಿಭಾಗದಲ್ಲಿ ಮನೆಯವರಿಗಾಗಿ ಬೇರೊಂದು ಖಾತೆ ಮಾಡಿ, ಅದಕ್ಕೆ ಪಿವಿಇ-ವಿಎಂ-ಯೂಸರ್ ಎಂಬ ಪಾತ್ರವನ್ನು ಕೊಟ್ಟರೆ ವಿಎಂ ಆರಂಭಿಸುವುದು, ನಿಲ್ಲಿಸುವುದು, ತೆರೆದು ನೋಡುವುದು ಎಲ್ಲವೂ ಆಗುತ್ತದೆ. ಕೈತಪ್ಪಿ ವಿಎಂ ಅಳಿಸಿಹಾಕುವ ಅಪಾಯ ಇರುವುದಿಲ್ಲ.

ವಿಎಂಗಳು ಮತ್ತು ಅವುಗಳ ಕಿಟಕಿ

32 ಜಿಬಿಯ ಯಂತ್ರದಲ್ಲಿ ಹೋಸ್ಟಿಗೆ 4, ವಿಂಡೋಸ್ 11ಕ್ಕೆ 8, ಲಿನಕ್ಸಿಗೆ 8, ಹಳೆಯ ವಿಂಡೋಸಿಗೆ 2 ಜಿಬಿ ಎಂದು ಹಂಚಿ, ಉಳಿದದ್ದನ್ನು ಮುಟ್ಟದೆ ಬಿಡುವುದು ಒಳ್ಳೆಯ ಆರಂಭ. ವಿಂಡೋಸ್ 10ರ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿರುವುದರಿಂದ ಹೊಸದಾಗಿ ಮಾಡುವವರು 11ನ್ನೇ ಹಾಕಿಕೊಳ್ಳಬೇಕು. ಅದಕ್ಕೆ ವಿಎಂ ರಚಿಸುವಾಗ ಯುಇಎಫ್‌ಐ ಬಯೋಸ್, ಟಿಪಿಎಂ 2.0, ಕ್ಯೂ35 ಮಷಿನ್, ಹೋಸ್ಟ್ ಮಾದರಿಯ ಸಿಪಿಯು, ವರ್ಟ್‌ಐಒ ಸ್ಕಸಿ ಡಿಸ್ಕ್ (ವಿಎಂಗಳಿಗೆಂದೇ ಮಾಡಿದ ವೇಗದ ಡಿಸ್ಕ್ ಬಗೆ) ಇವನ್ನು ಆರಿಸಬೇಕು. ವಿಂಡೋಸ್ ಸ್ಥಾಪನೆಗೆ ವರ್ಟ್‌ಐಒ ಡಿಸ್ಕಿನ ಪರಿಚಯವಿಲ್ಲದ ಕಾರಣ ಡಿಸ್ಕುಗಳ ಪಟ್ಟಿ ಖಾಲಿ ಕಾಣುತ್ತದೆ, ನೋಡಿ ಗಾಬರಿಯಾಗಬೇಕಿಲ್ಲ. ವರ್ಟ್‌ಐಒ ಡ್ರೈವರುಗಳ ಐಎಸ್‌ಒವನ್ನು ಎರಡನೆಯ ಸಿಡಿಯಾಗಿ ಜೋಡಿಸಿ, ಲೋಡ್ ಡ್ರೈವರ್ ಒತ್ತಿ, ಸ್ಕಸಿಯ ಡ್ರೈವರನ್ನು ತೋರಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ಯಂತ್ರದೊಡನೆ ಬಂದ ವಿಂಡೋಸ್ ಪರವಾನಗಿ ವಿಎಂಗೂ ಸಲ್ಲುತ್ತದೆಂದು ಭಾವಿಸಬಾರದು.

ಈಗ ಕಿಟಕಿಯ ಮಾತು. ಪ್ರತಿ ವಿಎಂನ ಹಾರ್ಡ್‌ವೇರ್ ಪುಟದಲ್ಲಿ ಡಿಸ್‌ಪ್ಲೇಯನ್ನು ಸ್ಪೈಸ್ (ವಿಎಂನ ಪರದೆ, ಧ್ವನಿಗಳನ್ನು ಕಿಟಕಿಗೆ ತಲುಪಿಸುವ ವ್ಯವಸ್ಥೆ) ಎಂದು ಬದಲಿಸಿ, ಆಡಿಯೊ ಸಾಧನವೊಂದನ್ನು ಸ್ಪೈಸ್ ಮೂಲಕವೇ ಸೇರಿಸಿ, ವಿಎಂ ಒಳಗೆ ಸ್ಪೈಸ್ ಏಜೆಂಟನ್ನೂ ಕ್ಯೂಇಎಂಯು ಗೆಸ್ಟ್ ಏಜೆಂಟನ್ನೂ ಸ್ಥಾಪಿಸಬೇಕು. ಬಳಿಕ ಕನ್ಸೋಲ್ ಗುಂಡಿಯ ಪಕ್ಕದ ಬಾಣದಲ್ಲಿ ಸ್ಪೈಸ್ ಆರಿಸಿದರೆ ಬ್ರೌಸರು ಒಂದು ಸಣ್ಣ ಕಡತವನ್ನು ಇಳಿಸಿಕೊಳ್ಳುತ್ತದೆ. ಇದು ವಿಎಂ ತೆರೆಯುವ ಚೀಟಿ. ಅದರ ಅವಧಿ ಬಹಳ ಚಿಕ್ಕದು, ನಾಳೆಗೆಂದು ಎತ್ತಿಟ್ಟರೆ ತೆರೆಯುವುದಿಲ್ಲ. ಆದ್ದರಿಂದ ಇಂಥ ಕಡತಗಳನ್ನು ಯಾವಾಗಲೂ ವರ್ಟ್-ವ್ಯೂವರಿನ ಜೊತೆ ಬಂದ ರಿಮೋಟ್ ವ್ಯೂವರ್‌ನಿಂದಲೇ ತೆರೆ ಎಂದು ಫೈರ್‌ಫಾಕ್ಸಿಗೆ ಒಮ್ಮೆ ಹೇಳಿಟ್ಟರೆ ಮುಂದೆ ಒಂದೇ ಕ್ಲಿಕ್ಕಿನಲ್ಲಿ ವಿಂಡೋಸ್ ಎದುರಿಗಿರುತ್ತದೆ. ಪೂರ್ಣಪರದೆ ಮಾಡಿದ ಮೇಲೆ ಹೊರಬರುವ ದಾರಿ ತಿಳಿಯದಿದ್ದರೆ ಮೌಸನ್ನು ಪರದೆಯ ಮೇಲಂಚಿನ ನಡುವಿಗೆ ಒಯ್ದರೆ ಪಟ್ಟಿಯೊಂದು ಇಳಿದುಬರುತ್ತದೆ. ಎಕ್ಸ್‌ಎಫ್‌ಸಿಇಯ ಒಂದೊಂದು ವರ್ಕ್‌ಸ್ಪೇಸಿನಲ್ಲಿ ಒಂದೊಂದು ವಿಎಂ ಇಟ್ಟುಕೊಳ್ಳುವುದು ಅನುಕೂಲ.

ಬರವಣಿಗೆ, ಲೆಕ್ಕ, ಪ್ರೋಗ್ರಾಮಿಂಗ್‌ಗೆ ಸ್ಪೈಸ್ ಚೆನ್ನಾಗಿದೆ. ಪೂರ್ಣಪರದೆಯ ವಿಡಿಯೊ ಅದರಲ್ಲಿ ತಡವರಿಸುತ್ತದೆ. ಮನೆಮಂದಿ ಯೂಟ್ಯೂಬ್ ನೋಡುವುದನ್ನೂ ಬೆಂಗಳೂರಿನವರೊಡನೆ ನಡೆಸುವ ವಿಡಿಯೊ ಸಭೆಯನ್ನೂ ಹೋಸ್ಟಿನ ಬ್ರೌಸರಿನಲ್ಲಿ, ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ನಡೆಸಿದರೆ ನಾನು ಆಕ್ಷೇಪಿಸುವುದಿಲ್ಲ. ಪ್ರಾಕ್ಸ್‌ಮಾಕ್ಸ್ ಪುಟ ತೆರೆಯಲು ಮಾತ್ರ ಫೈರ್‌ಫಾಕ್ಸಿನಲ್ಲಿ ಪ್ರತ್ಯೇಕ ಪ್ರೊಫೈಲ್ ಇಟ್ಟುಕೊಳ್ಳಬೇಕು.

ಡಿಜಿಟಲ್ ಸಹಿಯ ಟೋಕನ್, ಪ್ರಿಂಟರುಗಳನ್ನು ವಿಎಂಗೆ ಒಪ್ಪಿಸಲು ಹಾರ್ಡ್‌ವೇರ್ ಪುಟದಲ್ಲಿ ಯುಎಸ್‌ಬಿ ಸಾಧನವನ್ನು ಸೇರಿಸಬೇಕು. ಇದನ್ನು ರೂಟ್ ಖಾತೆಯಿಂದ ಒಮ್ಮೆ ಮಾಡಿಟ್ಟರೆ ಸಾಕು. ಟೋಕನ್ನಿಗೆ ಸಾಧನದ ಗುರುತು ಸಂಖ್ಯೆಯ ಆಯ್ಕೆಯೇ ಒಳ್ಳೆಯದು, ಯಾವ ಪೋರ್ಟಿಗೆ ಚುಚ್ಚಿದರೂ ವಿಂಡೋಸಿಗೆ ಹೋಗಿ ತಲುಪುತ್ತದೆ. ಆದರೆ ಗಂಡನದೊಂದು, ಹೆಂಡತಿಯದೊಂದು ಎಂದು ಒಂದೇ ಮಾದರಿಯ ಎರಡು ಟೋಕನ್ನುಗಳಿದ್ದರೆ ಗುರುತು ಸಂಖ್ಯೆಯೂ ಒಂದೇ ಇರುತ್ತದೆ, ಆಗ ಪೋರ್ಟ್ ಲೆಕ್ಕದಲ್ಲಿ ಒಪ್ಪಿಸಬೇಕು.

ಕನ್ನಡ ಬರವಣಿಗೆ

ಹೋಸ್ಟಿನಲ್ಲಿ ಕೀಲಿಮಣೆಯನ್ನು ಇಂಗ್ಲಿಷಿನಲ್ಲಿಯೇ ಬಿಟ್ಟು, ಕನ್ನಡವನ್ನು ವಿಎಂ ಒಳಗೆ ಮಾತ್ರ ಹೊಂದಿಸಬೇಕು. ಎರಡೂ ಕಡೆ ಹೊಂದಿಸಿದರೆ ಒತ್ತಿದ ಕೀಲಿ ಎರಡು ಕೈ ದಾಟಿ ಹೋಗಬೇಕಾಗುತ್ತದೆ, ಒತ್ತಕ್ಷರಗಳು ಕಲಸಿಹೋಗುತ್ತವೆ. ಲಿನಕ್ಸ್ ವಿಎಂನಲ್ಲಿ ಐಬಸ್-ಎಂ17ಎನ್ ಸ್ಥಾಪಿಸಿದರೆ ನುಡಿ ಬಳಸಿದವರಿಗೆ ಪರಿಚಿತವಾದ ಕೆಜಿಪಿ ವಿನ್ಯಾಸ ಸಿಗುತ್ತದೆ. ಗುಬ್ಬಿ, ನವಿಲು ಅಕ್ಷರಗಳೂ ಡೆಬಿಯನ್‌ನಲ್ಲಿ ಲಭ್ಯ. ವಿಂಡೋಸ್ ವಿಎಂಗೆ ಕನ್ನಡ ಗಣಕ ಪರಿಷತ್ತಿನ ನುಡಿಯನ್ನೇ ಹಾಕಿಕೊಳ್ಳಬಹುದು.

ಶಿವಮೊಗ್ಗದ ಡಿಟಿಪಿ ಅಂಗಡಿಗಳಲ್ಲಿ ವರ್ಷಗಟ್ಟಲೆ ಸಿದ್ಧವಾದ ಪೇಜ್‌ಮೇಕರ್ ಕಡತಗಳು ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಅಕ್ಷರಗಳಲ್ಲಿವೆ. ಅವನ್ನು ಹೊಸ ವ್ಯವಸ್ಥೆಯಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರಗಳ ರಾಶಿ ಕಾಣುತ್ತದೆ. ಅವುಗಳಿಗಾಗಿ ಹಳೆಯ ವಿಂಡೋಸಿನ ಒಂದು ವಿಎಂ ಇಟ್ಟುಕೊಳ್ಳುವುದು ಈ ಇಡೀ ಏರ್ಪಾಡಿನ ಅತ್ಯಂತ ದೊಡ್ಡ ಲಾಭ ಎಂದೇ ನನಗೆ ತೋರುತ್ತದೆ. ವರ್ಟ್‌ಐಒ ಬದಲು ಐಡಿಇ ಡಿಸ್ಕ್ ಆರಿಸಬೇಕು, ಯುಎಸ್‌ಬಿ3 ಗುರುತನ್ನು ತೆಗೆಯಬೇಕು, ನೆಟ್‌ವರ್ಕ್ ಕಾರ್ಡನ್ನು ಕಡ್ಡಾಯವಾಗಿ ಕಿತ್ತುಹಾಕಬೇಕು. ಭದ್ರತಾ ತಿದ್ದುಪಡಿಗಳು ನಿಂತುಹೋದ ವ್ಯವಸ್ಥೆಯನ್ನು ಇಂಟರ್ನೆಟ್ಟಿಗೆ ಬಿಡುವುದು ತರವಲ್ಲ. ಕಡತಗಳು ಪೆನ್‌ಡ್ರೈವಿನಲ್ಲಿ ಬಂದು ಹೋಗಲಿ.

ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ

ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಜೊತೆಗೆ ಪ್ರತ್ಯೇಕ ಕಾರ್ಡೂ ಇದ್ದರೆ ಒಳಗಿನದು ಹೋಸ್ಟಿಗೆ, ಕಾರ್ಡು ವಿಎಂಗೆ ಎಂದು ಹಂಚಬಹುದು. ಬಯೋಸಿನಲ್ಲಿ ವಿಟಿ-ಡಿ (ಸಾಧನಗಳನ್ನು ವಿಎಂಗೆ ಒಪ್ಪಿಸಲು ಬೇಕಾದ ಆಯ್ಕೆ) ಚಾಲೂ ಮಾಡಿ ಮೊದಲ ಪರದೆಯನ್ನು ಒಳಗಿನ ಗ್ರಾಫಿಕ್ಸಿಗೆ ಹೊಂದಿಸಿ, ಕಾರ್ಡಿನ ಡ್ರೈವರ್ ಹೋಸ್ಟಿನಲ್ಲಿ ಏಳದಂತೆ ತಡೆಪಟ್ಟಿಗೆ ಸೇರಿಸಿ, ಕಾರ್ಡಿನ ಗುರುತು ಸಂಖ್ಯೆಯನ್ನು ಸಾಧನ ಒಪ್ಪಿಸುವ ವಿಎಫ್‌ಐಒ ಡ್ರೈವರಿಗೆ ಕಟ್ಟಿ, ಇನಿಟ್‌ರಾಮ್‌ಎಫ್‌ಎಸ್ (ಯಂತ್ರ ಏಳುವಾಗ ಮೊದಲು ಓದುವ ಕಡತ) ನವೀಕರಿಸಿ ಯಂತ್ರವನ್ನು ಮರುಚಾಲನೆ ಮಾಡಬೇಕು. ಬಳಿಕ ವಿಎಂಗೆ ಪಿಸಿಐ ಸಾಧನವಾಗಿ ಕಾರ್ಡನ್ನು ಎಲ್ಲ ಫಂಕ್ಷನ್‌ಗಳ ಸಹಿತ ಸೇರಿಸಬೇಕು. ಎನ್‌ವಿಡಿಯಾ 2021ರಿಂದ ತನ್ನ ಜಿಫೋರ್ಸ್ ಡ್ರೈವರುಗಳಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿರುವುದರಿಂದ ವಿಎಂ ಒಳಗೆ ಡ್ರೈವರ್ ಏಳದೆ ಬರುತ್ತಿದ್ದ ಹಳೆಯ ಕೋಡ್ 43 ದೋಷದ ಕಾಟ ಈಗಿಲ್ಲ. ಎಎಂಡಿಯ ಕೆಲವು ಹಳೆಯ ಕಾರ್ಡುಗಳು ವಿಎಂ ನಿಲ್ಲಿಸಿದ ಮೇಲೆ ಸರಿಯಾಗಿ ರಿಸೆಟ್ ಆಗದೆ ಹೋಸ್ಟನ್ನೇ ಮರುಚಾಲನೆಗೆ ತಳ್ಳುತ್ತವೆ, ಕೊಳ್ಳುವ ಮುನ್ನ ಮಾದರಿ ನೋಡಬೇಕು.

ಮೂರು ಪರಿಣಾಮಗಳು ಮೊದಲೇ ತಿಳಿದಿರಲಿ. ಕಾರ್ಡು ಪಡೆದ ವಿಎಂ ತನಗೆ ಕೊಟ್ಟ ಮೆಮೊರಿಯನ್ನು ಪೂರ್ತಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಮೆಮೊರಿ ಸಹಿತವಾದ ಸ್ನ್ಯಾಪ್‌ಶಾಟ್ ಅದಕ್ಕೆ ಸಿಗುವುದಿಲ್ಲ. ಹೊಸ ಕಾರ್ಡ್ ಚುಚ್ಚಿದಾಗ ಪಿಸಿಐ ಸಂಖ್ಯೆಗಳು ಸರಿದು ನೆಟ್‌ವರ್ಕ್ ಪೋರ್ಟಿನ ಹೆಸರೇ ಬದಲಾಗಿ ಇಂಟರ್ನೆಟ್ ನಿಲ್ಲಬಹುದು. ಆಗ ಕಾರ್ಡನ್ನು ಬೈಯದೆ, ಬ್ರಿಡ್ಜಿನ ಸಾಲಿನಲ್ಲಿ ಹೊಸ ಹೆಸರು ಬರೆದರಾಯಿತು. 9ನೆಯ ಆವೃತ್ತಿಯಲ್ಲಿ ಈ ಹೆಸರನ್ನು ಸ್ಥಿರಗೊಳಿಸುವ ಉಪಕರಣವೂ ಬಂದಿದೆ.

ಕರೆಂಟು, ಸಿಡಿಲು, ಮಳೆಗಾಲ

ಪುಸ್ತಕದಲ್ಲಿರುವ ಯಾವ ಹಂತಕ್ಕಿಂತಲೂ ನಮ್ಮ ಕಡೆ ಮುಖ್ಯವಾದದ್ದು ಇದು. ಹಲವರ ಮನೆಯಲ್ಲಿ ಇನ್ವರ್ಟರ್ ಇದೆ, ಅದನ್ನು ಯುಪಿಎಸ್ ಮೋಡಿಗೆ ಹಾಕಿದರೆ ಕರೆಂಟು ಹೋದಾಗ ಕಂಪ್ಯೂಟರ್ ಆರುವುದಿಲ್ಲ. ಆದರೆ ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟು ಬಾರದೆ ಇನ್ವರ್ಟರಿನ ಬ್ಯಾಟರಿಯೂ ಬರಿದಾದಾಗ ಅದು ಕಂಪ್ಯೂಟರಿಗೆ ಏನನ್ನೂ ತಿಳಿಸದೆ ನಿಂತುಬಿಡುತ್ತದೆ. ಒಂದು ವಿಂಡೋಸ್ ಹೀಗೆ ಆರಿದರೆ ಒಂದು ವ್ಯವಸ್ಥೆಗೆ ಪೆಟ್ಟು, ನಮ್ಮ ಯಂತ್ರ ಆರಿದರೆ ಮೂರು ನಾಲ್ಕಕ್ಕೆ. ಆದ್ದರಿಂದ ಇನ್ವರ್ಟರಿಗೂ ಯಂತ್ರಕ್ಕೂ ನಡುವೆ ಯುಎಸ್‌ಬಿ ಸಂಪರ್ಕವಿರುವ ಒಂದು ಚಿಕ್ಕ ಯುಪಿಎಸ್ ಇಡಬೇಕು. ಇನ್ವರ್ಟರ್ ಸೋತ ಕ್ಷಣದಲ್ಲಿ ಈ ಯುಪಿಎಸ್‌ಗೆ ಅದು ಕರೆಂಟು ಹೋದಂತೆ ಕಾಣುತ್ತದೆ. ಹೋಸ್ಟಿನಲ್ಲಿ ಸ್ಥಾಪಿಸಿದ ನಟ್ ಎಂಬ ತಂತ್ರಾಂಶ ಆ ಸಂದೇಶ ಪಡೆದು ಎಲ್ಲವನ್ನೂ ಕ್ರಮವಾಗಿ ಮುಚ್ಚುತ್ತದೆ. ಮುಚ್ಚಲು ಪ್ರಾಕ್ಸ್‌ಮಾಕ್ಸ್ ಒಂದು ವಿಎಂಗೆ ಕೊಡುವ ಅವಧಿ ತಾನಾಗಿ 180 ಸೆಕೆಂಡು, ಆದ್ದರಿಂದ ಯುಪಿಎಸ್ ಬ್ಯಾಟರಿ ಹತ್ತು ನಿಮಿಷವಾದರೂ ತಾಳುವಂತಿರಬೇಕು.

ಏಪ್ರಿಲ್–ಮೇ ತಿಂಗಳ ಗುಡುಗಿನ ಮಳೆಗೆ ಯುಪಿಎಸ್ ಸಾಲದು. ಫೈಬರಿನ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯದಿದ್ದರೂ ಕಂಬದಿಂದ ಮನೆಗೆ ಬರುವ ಕೇಬಲಿನಲ್ಲಿ ಆಸರೆಗಾಗಿ ಉಕ್ಕಿನ ತಂತಿ ಇರುವುದುಂಟು, ರೂಟರಿನ ಅಡಾಪ್ಟರ್ ಗೋಡೆಯ ಸಾಕೆಟ್ಟಿನಲ್ಲಿರುತ್ತದೆ, ರೂಟರಿನಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ತಂತಿ. ಗುಡುಗು ಹತ್ತಿರವಾದಾಗ ಯಂತ್ರದ ಪವರ್ ಪ್ಲಗ್ಗಿನ ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಕೀಳಬೇಕು. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಬೇಸಿಗೆಯ ಮೊದಲೇ ಎಲೆಕ್ಟ್ರೀಷಿಯನ್ನಿಂದ ನೋಡಿಸುವುದು ಒಳ್ಳೆಯದು.

ಯಂತ್ರವನ್ನು ಅಡುಗೆಮನೆಯ ಮೇಲಿನ ಅಟ್ಟದಲ್ಲಿಡಬಾರದು. ಸೌದೆ ಒಲೆಯ ಹೊಗೆಯ ಜಿಡ್ಡು ಮಳೆಗಾಲದ ತೇವದೊಡನೆ ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಕರೆಂಟು ಬಂದೊಡನೆ ಯಂತ್ರ ತಾನಾಗಿ ಏಳುವ ಬಯೋಸ್ ಆಯ್ಕೆಯನ್ನು ಮಳೆಗಾಲದಲ್ಲಿ ಬಂದ್ ಮಾಡಿಡಬೇಕು, ಏಕೆಂದರೆ ಬಂದ ಕರೆಂಟು ಐದು ನಿಮಿಷದಲ್ಲಿ ಮತ್ತೆ ಹೋಗುವುದು ಇಲ್ಲಿ ಅಪರೂಪವಲ್ಲ.

ಬ್ಯಾಕಪ್

ಡೇಟಾಸೆಂಟರ್‌ನ ಬ್ಯಾಕಪ್ ಪುಟದಲ್ಲಿ ವಾರಕ್ಕೆರಡು ಬಾರಿಯಾದರೂ ಸ್ನ್ಯಾಪ್‌ಶಾಟ್ ಮೋಡಿನಲ್ಲಿ, ಜಡ್‌ಸ್ಟ್ಯಾಂಡರ್ಡ್ ಸಂಕೋಚನದೊಡನೆ, ಹೊರಗಿನ ಡಿಸ್ಕಿಗೆ ಬ್ಯಾಕಪ್ ಹೋಗುವಂತೆ ಹೊಂದಿಸಬೇಕು. ಅದೇ ಯಂತ್ರದೊಳಗಿನ ಎಸ್‌ಎಸ್‌ಡಿಗೆ ಮಾಡಿದ ಪ್ರತಿಯು ಸಿಡಿಲಿನ ದಿನ ಉಪಯೋಗಕ್ಕೆ ಬಾರದು. ಎರಡು ಡಿಸ್ಕುಗಳನ್ನಿಟ್ಟುಕೊಂಡು ಒಂದನ್ನು ಯಂತ್ರದಿಂದ ಕಳಚಿ ಬೀರುವಿನಲ್ಲಿಡುವುದು ಸೂಕ್ತ. ಮಳೆಗಾಲ ಶುರುವಾಗುವ ಮುನ್ನ, ಮೇ ತಿಂಗಳಲ್ಲಿ ಒಂದು ಸಂಜೆ, ರೂಟ್ ಖಾತೆಯಿಂದ ಟ್ಯಾಲಿ ಇರುವ ವಿಎಂನ ಬ್ಯಾಕಪ್ಪನ್ನು ಬೇರೊಂದು ಸಂಖ್ಯೆಯ ಹೊಸ ವಿಎಂ ಆಗಿ ಮರುಸ್ಥಾಪಿಸಿ, ಅದರ ನೆಟ್‌ವರ್ಕ್ ಕಾರ್ಡಿನಲ್ಲಿ ಡಿಸ್‌ಕನೆಕ್ಟ್ ಗುರುತು ಹಾಕಿ, ಮೂಲ ವಿಎಂ ನಿಲ್ಲಿಸಿ ಇದನ್ನು ಚಾಲೂ ಮಾಡಬೇಕು. ಕಳೆದ ವಾರದ ಲೆಕ್ಕದವರೆಗೆ ಎಲ್ಲವೂ ತೆರೆದುಕೊಂಡರೆ ಪ್ರತಿಯನ್ನು ಅಳಿಸಿ ಮೂಲವನ್ನು ಮತ್ತೆ ಆರಂಭಿಸಬಹುದು. ಅಳಿಸುವಾಗ ಪ್ರಾಕ್ಸ್‌ಮಾಕ್ಸ್ ವಿಎಂ ಸಂಖ್ಯೆಯನ್ನು ಕೈಯಾರೆ ಟೈಪ್ ಮಾಡಲು ಕೇಳುತ್ತದೆ. ಎರಡೂ ಒಂದೇ ಹೆಸರಿನಲ್ಲಿರುವುದರಿಂದ ಹೆಸರು ನೋಡದೆ ಸಂಖ್ಯೆಯನ್ನೇ ನೋಡಬೇಕು.